ರೀಬೂಟ್ ಮಾಡಿದ ಕೂಡಲೇ ವೈಫೈ ಮಾಯ: ಡೆಬಿಯನ್ ಬಿಟ್ಟು ಬೇರೆ ಡಿಸ್ಟ್ರೋ ಹಾಕಬೇಕೇ, ಡಾಂಗಲ್ ಕೊಳ್ಳಬೇಕೇ?

ಎರಡೂ ಬೇಡ. ನೀವು ಹೇಳಿದ ಸ್ಥಿತಿ ಇದು: ಡೆಲ್ ಇನ್‌ಸ್ಪಿರಾನ್ 1545 ಲ್ಯಾಪ್‌ಟಾಪ್, ಬ್ರಾಡ್‌ಕಾಮ್ 4312 ವೈಫೈ ಕಾರ್ಡು, ಡೆಬಿಯನ್ 11 ಎಂಬ ಡಿಸ್ಟ್ರೋ, ಅಂದರೆ ಲಿನಕ್ಸಿನ ಒಂದು ರೂಪ. ಕೈಯಾರೆ ಮಾಡ್‌ಪ್ರೋಬ್ (ಡ್ರೈವರ್ ಲೋಡ್ ಮಾಡುವ ಕಮಾಂಡ್) ಕೊಟ್ಟರೆ ವೈಫೈ ಬರುತ್ತದೆ, ರೀಬೂಟ್ ಆದರೆ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಆದದ್ದೂ ಅಕ್ಷರಶಃ ಇದೇ.

ನಾನು ಮೊದಲು ಹಾಕಿದ್ದು ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್ ಪ್ಯಾಕೇಜು, ಅಂದರೆ ಬ್ರಾಡ್‌ಕಾಮ್‌ನದೇ ಡಬ್ಲ್ಯುಎಲ್ ಡ್ರೈವರ್; ಸಿಸ್ಟಮ್ಮಿನ ತಿರುಳಾದ ಕರ್ನಲ್ ಬದಲಾದಾಗಲೆಲ್ಲ ಡಿಕೆಎಂಎಸ್ ಅದನ್ನು ಮತ್ತೆ ಬಿಲ್ಡ್ ಮಾಡುತ್ತದೆ. ಕರ್ನಲ್ ಅಪ್‌ಡೇಟ್ ಬಂದಾಗ ಹೊಸ ಕರ್ನಲ್ಲಿನ ಹೆಡರ್ (ಬಿಲ್ಡ್‌ಗೆ ಬೇಕಾದ ಫೈಲುಗಳು) ಇರಲಿಲ್ಲ, ಡ್ರೈವರಿನ ಮಾಡ್ಯೂಲ್ ಬಿಲ್ಡ್ ಆಗಲಿಲ್ಲ, ವೈಫೈ ಹೋಯಿತು. ಸರಿ, ಕರ್ನಲ್ ಜೊತೆಗೇ ಬರುವ ಬಿ43 ಡ್ರೈವರ್ ಬಳಸೋಣ ಎಂದುಕೊಂಡು ಆಪ್ಟ್ ರಿಮೂವ್ ಕೊಟ್ಟು ಹಳೆಯದನ್ನು ತೆಗೆದೆ. ಬಿ43ಗೆ ಬೇಕಾದ ಫರ್ಮ್‌ವೇರನ್ನು (ಕಾರ್ಡಿನೊಳಗೇ ಓಡುವ ಪ್ರೋಗ್ರಾಮು) ಮರುವಿತರಣೆ ಮಾಡಲು ಅನುಮತಿಯಿಲ್ಲ, ಹಾಗಾಗಿ ಅದರ ಇನ್‌ಸ್ಟಾಲರ್ ಪ್ಯಾಕೇಜು ಅದನ್ನು ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳುತ್ತದೆ. ಮೊಬೈಲಿನ ಯುಎಸ್‌ಬಿ ಟೆದರಿಂಗ್ ಹಚ್ಚಿ ಅದನ್ನೂ ಮುಗಿಸಿದೆ. ಮಾಡ್‌ಪ್ರೋಬ್ ಬಿ43 ಕೊಟ್ಟೆ, ವೈಫೈ ಬಂತು. ರೀಬೂಟ್ ಮಾಡಿದೆ, ಹೋಯಿತು.

ತಪ್ಪು ಆಗಿದ್ದು ಆ "ರಿಮೂವ್"ನಲ್ಲಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವು ಸಿಕ್ಕಿಕೊಂಡಿರುವುದೂ ಬಹುಶಃ ಇಲ್ಲೇ. ಆಪ್ಟ್ ರಿಮೂವ್ ಪ್ರೋಗ್ರಾಮನ್ನು ತೆಗೆಯುತ್ತದೆ, ಇಟಿಸಿ ಫೋಲ್ಡರಿನಲ್ಲಿ ಆ ಪ್ಯಾಕೇಜು ಇಟ್ಟ ಸೆಟ್ಟಿಂಗ್ ಫೈಲುಗಳನ್ನು ಮುಟ್ಟುವುದಿಲ್ಲ. ಡಬ್ಲ್ಯುಎಲ್ ಮತ್ತು ಬಿ43 ಒಂದೇ ಕಾರ್ಡಿಗೆ ಜಗಳವಾಡಬಾರದೆಂದು ಆ ಪ್ಯಾಕೇಜು ಇಟಿಸಿಯೊಳಗಿನ ಮಾಡ್‌ಪ್ರೋಬ್-ಡಿ ಫೋಲ್ಡರಿನಲ್ಲಿ ಒಂದು ಬ್ಲ್ಯಾಕ್‌ಲಿಸ್ಟ್ ಫೈಲ್ (ತಾನಾಗಿ ಲೋಡ್ ಆಗಬಾರದ ಮಾಡ್ಯೂಲುಗಳ ಪಟ್ಟಿ) ಇಡುತ್ತದೆ. ಅದರಲ್ಲಿ ಬಿ43 ಹೆಸರೂ ಇದೆ, ಅದು ಆತುಕೊಂಡಿರುವ ಎಸ್‌ಎಸ್‌ಬಿ ಎಂಬ ಇನ್ನೊಂದು ಮಾಡ್ಯೂಲಿನ ಹೆಸರೂ ಇದೆ. ಡಬ್ಲ್ಯುಎಲ್ ಹೋದರೂ ಅದು ಹಾಕಿದ ಬೀಗ ಹಾಗೇ ಉಳಿಯಿತು.

ಮೋಸಹೋಗುವುದು ಎಲ್ಲಿ ಅಂದರೆ, ಬ್ಲ್ಯಾಕ್‌ಲಿಸ್ಟ್ ತಡೆಯುವುದು ಕಾರ್ಡನ್ನು ಕಂಡು ತಾನಾಗಿ ಲೋಡ್ ಆಗುವುದನ್ನು ಮಾತ್ರ. ನೀವೇ ಹೆಸರು ಹಿಡಿದು ಮಾಡ್‌ಪ್ರೋಬ್ ಕೊಟ್ಟರೆ ಅಡ್ಡಿಯಿಲ್ಲ. ಅದಕ್ಕೇ ಕೈಯಾರೆ ಕೊಟ್ಟಾಗ ಬರುತ್ತದೆ. ನಾನು ಇಟಿಸಿಯ ಮಾಡ್ಯೂಲ್ಸ್ ಫೈಲಿಗೆ ಬಿ43 ಎಂದು ಬರೆದೂ ನೋಡಿದೆ, ಫಲವಿಲ್ಲ: ಬೂಟ್ ವೇಳೆ ಆ ಫೈಲ್ ಓದುವುದು ಸಿಸ್ಟಮ್‌ಡಿ (ಸಿಸ್ಟಮ್ಮಿನ ಸೇವೆಗಳನ್ನು ಶುರುಮಾಡುವ ಪ್ರೋಗ್ರಾಮು), ಅದು ಬ್ಲ್ಯಾಕ್‌ಲಿಸ್ಟನ್ನು ಪಾಲಿಸುತ್ತದೆ. ಇದು ತಿಳಿಯದೆ ಫರ್ಮ್‌ವೇರನ್ನೇ ಮೂರು ಸಲ ಮರುಸ್ಥಾಪಿಸಿದೆ.

ಫರ್ಮ್‌ವೇರ್ ತೊಂದರೆಯೋ ಡ್ರೈವರ್ ತೊಂದರೆಯೋ ಎನ್ನುವುದು ಡಿಮೆಸೇಜ್‌ನಲ್ಲೇ (dmesg, ಕರ್ನಲ್ಲಿನ ಸಂದೇಶ ತೋರಿಸುವ ಕಮಾಂಡ್) ಗೊತ್ತಾಗುತ್ತದೆ. ಫರ್ಮ್‌ವೇರ್ ಇಲ್ಲದಿದ್ದರೆ ಬಿ43 ಜೋರಾಗಿಯೇ ದೂರುತ್ತದೆ: ಈ ಕಾರ್ಡಿಗೆ "ಯುಕೋಡ್15" ಫೈಲ್ ಸಿಗಲಿಲ್ಲ ಎಂಬ ಸಾಲು ಕಾಣುತ್ತದೆ. ಬಿ43 ಎಂಬ ಸೊಲ್ಲೇ ಇಲ್ಲದಿದ್ದರೆ ಡ್ರೈವರ್ ಲೋಡೇ ಆಗಿಲ್ಲ, ಫರ್ಮ್‌ವೇರ್ ಹುಡುಕುವುದು ವ್ಯರ್ಥ.

ಈಗ ನೀವು ಮಾಡಬೇಕಾದ್ದು. ರೀಬೂಟ್ ಮಾಡಿ, ಏನೂ ಮುಟ್ಟದೆ, ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ ಓಡಿಸಿ. 14ಇ4:4315 ಎಂಬ ಐಡಿಯ (ಅದೇ ನಿಮ್ಮ ವೈಫೈ ಕಾರ್ಡು) ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಸಾಲು ಇಲ್ಲದಿದ್ದರೆ ಬ್ಲ್ಯಾಕ್‌ಲಿಸ್ಟಿನ ಅನುಮಾನ ಗಟ್ಟಿ. ಆಮೇಲೆ ಪ್ಯಾಕೇಜುಗಳ ಲೆಕ್ಕವಿಡುವ ಡಿಪಿಕೆಜಿಗೆ ಸಣ್ಣ ಎಲ್ ಆಯ್ಕೆ ಕೊಟ್ಟು ಪಟ್ಟಿ ತೆಗೆಯಿರಿ. ಬ್ರಾಡ್‌ಕಾಮ್-ಎಸ್‌ಟಿಎ ಸಾಲಿನ ಮೊದಲಲ್ಲಿ "ಆರ್‌ಸಿ" ಎಂಬ ಎರಡು ಅಕ್ಷರ ಇದ್ದರೆ ಪ್ಯಾಕೇಜು ಹೋಗಿದೆ, ಸೆಟ್ಟಿಂಗ್ ಉಳಿದಿದೆ ಎಂದರ್ಥ. ಆಪ್ಟ್ ಪರ್ಜ್ ಕೊಟ್ಟು ಅದನ್ನು ಪೂರ್ತಿ ತೆಗೆಯಿರಿ. ಮಾಡ್‌ಪ್ರೋಬ್-ಡಿ ಫೋಲ್ಡರನ್ನು ಗ್ರೆಪ್ (ಫೈಲುಗಳೊಳಗೆ ಪದ ಹುಡುಕುವ ಕಮಾಂಡ್) ಮಾಡಿ, ಬಿ43 ಅಥವಾ ಎಸ್‌ಎಸ್‌ಬಿ ಹೆಸರಿನ ಬ್ಲ್ಯಾಕ್‌ಲಿಸ್ಟ್ ಸಾಲು ಬೇರೆ ಫೈಲಿನಲ್ಲಿದ್ದರೆ ಅಳಿಸಿ. ಕೊನೆಗೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಅನ್ನು ಯು ಆಯ್ಕೆಯೊಂದಿಗೆ ಓಡಿಸಲು ಮರೆಯಬೇಡಿ. ಬೂಟ್ ಶುರುವಿನಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಫೈಲಿನಲ್ಲೂ ಹಳೆಯ ಬ್ಲ್ಯಾಕ್‌ಲಿಸ್ಟಿನ ನಕಲು ಕೂತಿರುತ್ತದೆ. ಮತ್ತೆ ರೀಬೂಟ್ ಮಾಡಿದಾಗ ಡ್ರೈವರ್ ಜಾಗದಲ್ಲಿ "ಬಿ43-ಪಿಸಿಐ-ಬ್ರಿಡ್ಜ್" ಅಂತ ಕಾಣಬೇಕು. ಹೆಸರು ಬೇರೆ ಎಂದು ಗಾಬರಿಯಾಗಬೇಡಿ, ಅದೇ ಸರಿ.

ಡಿಸ್ಟ್ರೋ ಬದಲಿಸಿದರೆ ವೈಫೈ ಬರಬಹುದು, ನಿಜ. ಬರುವುದು ಹೊಸ ಇನ್‌ಸ್ಟಾಲ್‌ನಲ್ಲಿ ಆ ಹಳೆಯ ಫೈಲ್ ಇರುವುದಿಲ್ಲವೆಂದು, ಡೆಬಿಯನ್ ಕೆಟ್ಟದ್ದೆಂದಲ್ಲ. ಒಂದು ಫೈಲಿಗಾಗಿ ಇಡೀ ಸಿಸ್ಟಮ್ ಅಳಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಡಾಂಗಲ್ಲೂ ಬೇಡ. ಅಗ್ಗದ ಎಷ್ಟೋ ಡಾಂಗಲ್‌ಗಳಿಗೆ ಕರ್ನಲ್ಲಿನ ಹೊರಗಿನ ಡ್ರೈವರ್ ಬೇಕಾಗುತ್ತದೆ, ಅಲ್ಲಿಗೆ ಮತ್ತೆ ಅದೇ ಡಿಕೆಎಂಎಸ್, ಅದೇ ಹೆಡರ್. ದುಡ್ಡು ಹಾಕಲೇಬೇಕೆಂದಿದ್ದರೆ ಅಥೆರೋಸ್ ಎಆರ್9285ರ ಹಾಫ್ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಹುಡುಕಿ. ಅದನ್ನು ನಡೆಸುವ ಎಟಿಎಚ್9ಕೆ ಡ್ರೈವರ್ ಕರ್ನಲ್ಲಿನಲ್ಲೇ ಇದೆ, ಪ್ರತ್ಯೇಕ ಫರ್ಮ್‌ವೇರ್ ಫೈಲ್ ಕೇಳುವುದೇ ಇಲ್ಲ.

ಇನ್ನೊಂದು: 4312 ಕಾರ್ಡು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಹೆಚ್ಚೆಂದರೆ 54 ಎಂಬಿಪಿಎಸ್. ಎಲ್ಲ ಸರಿಹೋದ ಮೇಲೂ ನಿಮ್ಮ ಮನೆಯ ನೆಟ್‌ವರ್ಕ್ ಹೆಸರು ಪಟ್ಟಿಯಲ್ಲಿ ಬಾರದಿದ್ದರೆ, ರೌಟರಿನಲ್ಲಿ 5 ಗಿಗಾಹರ್ಟ್ಸ್ ಒಂದೇ ಆನ್ ಇದೆಯೇ ನೋಡಿ.