ಮೊದಲು ಗಾಳಿ ಅಳೆದು, ಆಮೇಲೆ ಮಾಸ್ಕ್ ಕೊಡೋದಾ?

"ಗ್ಯಾಸ್ಕೆಟ್ ಕೆರೆಯುವ ಜಾಗದಲ್ಲಿ ಆಸ್ಬೆಸ್ಟಾಸ್ ಎಷ್ಟಿದೆ ಅಂತ ಅಳೆದು, ಜಾಸ್ತಿ ಬಂದರೆ ಮಾತ್ರ ಮಾಸ್ಕ್ ಕೊಡೋಣ ಅಂತ ಮ್ಯಾನೇಜರ್ ಹೇಳ್ತಾರೆ, ಗಾಳಿ ಎಳೆದು ಅಳೆಯೋಕೆ ಯಾವ ಪಂಪ್ ತರಿಸಲಿ" ಅಂತ ಕೇಳಿದ್ದೀರಿ. ಇದೇ ಮಾತಿಗೆ ತಲೆಯಾಡಿಸಿ ಕೆಟ್ಟವನು ನಾನು. ಆಸ್ಬೆಸ್ಟಾಸ್ ಅಂದರೆ ಕಲ್ಲುನಾರು, ಅದರ ಎಳೆ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ.

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವುದು ನಿಂತ ಮೇಲೆ ಓವರ್‌ಹಾಲಿಂಗ್. ಸ್ಟೀಮ್ ಲೈನಿನ ಫ್ಲ್ಯಾಂಜ್, ಅಂದರೆ ಎರಡು ಪೈಪ್ ಕೂಡಿಸುವ ಬಿಲ್ಲೆ, ಬಿಚ್ಚಿದರೆ ಆವಿ ಸೋರದಂತೆ ನಡುವೆ ಇಟ್ಟ ಹಳೇ ಗ್ಯಾಸ್ಕೆಟ್ ಹೆಂಚಿಗೆ ಸೀದ ರೊಟ್ಟಿ ಥರ ಹಿಡಿದಿರುತ್ತಿತ್ತು. ಸ್ಕ್ರೇಪರ್‌ನಲ್ಲಿ ಎಬ್ಬಿಸಿ, ಉಳಿದದ್ದಕ್ಕೆ ವೈರ್ ಬ್ರಶ್. ಫಿಟ್ಟರ್ ಆಗಾಗ ಬಾಯಲ್ಲಿ ಉಫ್ ಅಂತ ಊದಿ, ಮುಖ ಹತ್ತಿರ ತಂದು ನೋಡುತ್ತಿದ್ದ.

ಪಂಪನ್ನು ಅವನ ಸೊಂಟಕ್ಕೆ ಕಟ್ಟಿ, ದೂಳು ಹಿಡಿಯುವ ಫಿಲ್ಟರ್ ಕ್ಯಾಸೆಟ್ಟನ್ನು ಕಾಲರ್‌ಗೆ ಸಿಕ್ಕಿಸಬೇಕಿತ್ತು. "ಸಾರ್, ಪೈಪ್ ಸಂದಿಗೆ ಬಗ್ಗೋಕೆ ಅಡ್ಡ ಬರುತ್ತೆ" ಅಂದ. ಪಾಪ ಅನ್ನಿಸಿ ಹತ್ತಡಿ ದೂರದ ಕಂಬಕ್ಕೆ ತೂಗುಹಾಕಿದೆ. ತಪ್ಪು ಅಷ್ಟೇ. ಆದರೆ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇದನ್ನೇ ಮಾಡುತ್ತೀರಿ. ಅಳೆಯಬೇಕಾದದ್ದು ಅವನ ಮೂಗಿನ ಸುತ್ತ ಒಂದಡಿ ಗಾಳಿ, ಶೆಡ್ಡಿನ ಗಾಳಿಯಲ್ಲ. ದೂಳು ಏಳುವುದು ಅವನ ಗಲ್ಲದ ಕೆಳಗೆ. ಕಂಬದವರೆಗೆ ಬರುವಷ್ಟರಲ್ಲಿ ಅದು ಇಡೀ ಶೆಡ್ಡಿಗೆ ಹರಡಿ ತೆಳುವಾಗಿರುತ್ತದೆ. ಕಂಬ ಎಷ್ಟು ಉಸಿರಾಡಿತು ಅಂತ ನಾನು ಅಳೆದೆ, ಸಹಿಯೂ ಹಾಕಿದೆ.

ರಿಪೋರ್ಟ್‌ನಲ್ಲಿ 0.02 ಬಂತು, ಅಂದರೆ ಒಂದು ಮಿಲಿಲೀಟರ್ ಗಾಳಿಗೆ ಅಷ್ಟು ಎಳೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ಮಿತಿ 8 ಗಂಟೆಯ ಸರಾಸರಿಗೆ 0.1. ಮ್ಯಾನೇಜರ್ ಅದನ್ನು ಜೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಎರಡು ಸೀಸನ್ ಯಾರೂ ಮಾಸ್ಕ್ ಕೇಳಲಿಲ್ಲ, ನನ್ನ ಸಹಿ ನೋಡಿ.

ಆಮೇಲೆ ಲ್ಯಾಬಿನವರೊಬ್ಬರು "ಪಂಪ್ ಎಲ್ಲಿತ್ತು?" ಅಂತ ಕೇಳಿದಾಗಲೇ ಹೊಳೆದದ್ದು. ಮತ್ತೆ ಅಳೆದೆವು. ಈ ಸಲ ಕಾಲರ್‌ಗೇ ಸಿಕ್ಕಿಸಿ, ಕೆರೆಯುವ ಅರ್ಧ ಗಂಟೆ ಮಾತ್ರ, ನಿಮಿಷಕ್ಕೆ 2 ಲೀಟರ್. ಬಂದದ್ದು 1.4! ತಮಾಷೆ ನೋಡಿ, ಉಳಿದ ಏಳೂವರೆ ಗಂಟೆ ಸೊನ್ನೆ ಅಂತ ಹಿಡಿದು ಇದನ್ನೇ 8 ಗಂಟೆಗೆ ಹಂಚಿದರೆ 0.08 ಚಿಲ್ಲರೆ, ಅಂದರೆ ಪಾಸು. ಅದಕ್ಕೇ ಓಶಾದಲ್ಲಿ 30 ನಿಮಿಷಕ್ಕೆ ಅಂತಲೇ 1.0ರ ಇನ್ನೊಂದು ಮಿತಿ ಇದೆ. ಮಾಮೂಲಿ ಮೈಕ್ರೋಸ್ಕೋಪ್ ಎಣಿಕೆಯಲ್ಲಿ 5 ಮೈಕ್ರಾನ್‌ಗಿಂತ ಉದ್ದದ ಎಳೆ ಮಾತ್ರ ಲೆಕ್ಕಕ್ಕೆ, ಅದು ಆಸ್ಬೆಸ್ಟಾಸೋ ಬೇರೆ ನಾರೋ ಅಂತಲೂ ಅದು ಹೇಳುವುದಿಲ್ಲ.

ಹಾಗಾಗಿ ಪಂಪಿನ ಕಂಪನಿ ಯಾವುದು ಅನ್ನೋದು ಆಮೇಲಿನ ಮಾತು. ನಿಮ್ಮ ಮ್ಯಾನೇಜರ್ ಹೇಳುವ ಕ್ರಮವೇ ತಲೆಕೆಳಗು. ಗ್ಯಾಸ್ಕೆಟ್ಟಿನ ಒಂದು ಚೂರನ್ನು ಲ್ಯಾಬಿಗೆ ಕಳಿಸಿ. ಅದರಲ್ಲಿ ಆಸ್ಬೆಸ್ಟಾಸ್ ಇದ್ದರೆ ಗಾಳಿ ಅಳೆಯುವವರೆಗೂ ಕಾಯಬೇಡಿ. ನೀರು ಹೊಡೆದು ನೆನೆಸಿ ಕೈಯಲ್ಲೇ ಕೆರೆಯಿರಿ, ಗ್ರೈಂಡರ್ ಮುಟ್ಟಬೇಡಿ, ಏರ್ ಹೋಸಿನಲ್ಲಿ ಊದಲೇಬೇಡಿ. ಮಾಸ್ಕ್ ಅಂದರೆ ಬಟ್ಟೆಯದ್ದಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ದೂಳನ್ನೂ ತಡೆಯುವ ಪಿ100 ಕಾರ್ಟ್ರಿಜ್‌ನದ್ದು. ಹೊಸ ಶೀಟ್ ಆಸ್ಬೆಸ್ಟಾಸ್ ಇಲ್ಲದ್ದನ್ನೇ ತರಿಸಿ. ಅಳತೆ ಇದೆಲ್ಲ ಆದ ಮೇಲೆ, ಕೆಲಸಕ್ಕೆ ಬಂತಾ ಅಂತ ನೋಡೋಕೆ. ಕಾಗದಪತ್ರ ಎಸೆಯಬೇಡಿ. ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿವರೆಗೆ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಆಸ್ಬೆಸ್ಟಾಸ್ ತರುವ ಶ್ವಾಸಕೋಶದ ಕಾಯಿಲೆ ಅಷ್ಟು ನಿಧಾನ.

ಆ ಫಿಟ್ಟರ್ ಈಗ ರಿಟೈರ್ ಆಗಿದ್ದಾನೆ. ವರ್ಷಕ್ಕೊಂದು ಸಲ ಎಕ್ಸ್‌ರೇ ತೆಗೆಸಿ ನನಗೆ ಫೋಟೋ ಕಳಿಸುತ್ತಾನೆ. ಇಲ್ಲಿವರೆಗೆ ಚೆನ್ನಾಗಿದೆ.