ಆಫೀಸಿಗೆ ಮೆಟ್ರೋದಲ್ಲೇ ಹೋಗುವವರು ಬೆಂಗಳೂರಿನಲ್ಲಿ ಕಾರು ಇಟ್ಟುಕೊಳ್ಳಬೇಕೇ, ಮಾರಬೇಕೇ?

ಕಾರು ವಾರಾಂತ್ಯಕ್ಕೆ ಮಾತ್ರ ಹೊರಡುವುದಾದರೆ, ಅದೂ ಹೊಸದಾಗಿದ್ದರೆ, ಮಾರುವುದೇ ಲಾಭ. ಮನೆಯಲ್ಲಿ ನಡೆಯಲಾಗದ ಹಿರಿಯರೋ ಕೈಗೂಸೋ ಇದ್ದರೆ ಇಟ್ಟುಕೊಳ್ಳಿ. ಅಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ.

ಹೆಚ್ಚಿನವರು ಎಡವುವುದು ಪೆಟ್ರೋಲ್ ಖರ್ಚನ್ನು ಕ್ಯಾಬ್ ಬಾಡಿಗೆಯ ಜೊತೆ ಹೋಲಿಸುವುದರಲ್ಲಿ. ಕಾರಿನ ದೊಡ್ಡ ಖರ್ಚು ಅದು ಸುಮ್ಮನೆ ನಿಂತಾಗಲೂ ಆಗುತ್ತಿರುತ್ತದೆ: ಬೆಲೆ ಇಳಿಯುವುದು. ವಿಮೆಗಾಗಿ ಕಾರಿನ ಮೌಲ್ಯ ಕಟ್ಟುವ ಕೋಷ್ಟಕವನ್ನೇ ನೋಡಿ. ಎರಡನೇ ವರ್ಷಕ್ಕೆ ಒಟ್ಟು ಶೇ. 20, ಐದನೇ ವರ್ಷಕ್ಕೆ ಒಟ್ಟು ಶೇ. 50 ಸವಕಳಿ. 10 ಲಕ್ಷದ ಕಾರು ಐದು ವರ್ಷಕ್ಕೆ 5 ಲಕ್ಷ ಕಳೆದುಕೊಂಡರೆ ತಿಂಗಳಿಗೆ ಸುಮಾರು 8,300 ರೂಪಾಯಿ ಆಯಿತು. ವಿಮೆ, ಸರ್ವಿಸ್, ಪಾರ್ಕಿಂಗ್ ಬೇರೆ. ಆ ದುಡ್ಡಿಗೆ ತಿಂಗಳಲ್ಲಿ ಎಷ್ಟು ಕ್ಯಾಬ್ ಹಿಡಿಯಬಹುದು, ನೀವೇ ಕೂಡಿ ನೋಡಿ. (ಜಯನಗರದಿಂದ ಮಲ್ಲೇಶ್ವರಕ್ಕಂತೂ ಮೆಟ್ರೋದ ಹಸಿರು ಮಾರ್ಗವೇ ಇದೆ; ಸಂಪಿಗೆ ರಸ್ತೆಯಲ್ಲಿ ಪಾರ್ಕಿಂಗ್ ಹುಡುಕುವ ಪಾಡೂ ತಪ್ಪುತ್ತದೆ.)

ಕಾರು ಹಳೆಯದಾಗಿದ್ದರೆ ಉತ್ತರ ತಿರುಗಿಬಿಡುತ್ತದೆ. ಹತ್ತು ವರ್ಷದ ಕಾರಿನ ಬೆಲೆ ಆಗಲೇ ಇಳಿದಾಗಿದೆ, ಇನ್ನು ಇಳಿಯಲು ಹೆಚ್ಚೇನೂ ಉಳಿದಿಲ್ಲ. ಮನೆಯ ಕಾಂಪೌಂಡಿನೊಳಗೆ ಜಾಗವಿದ್ದರೆ ಇರಲಿ ಬಿಡಿ, 15 ವರ್ಷಕ್ಕೆ ನೋಂದಣಿ ನವೀಕರಿಸುವ ಹೊತ್ತಿಗೆ ಮತ್ತೆ ಯೋಚಿಸಿದರಾಯಿತು.

ಇನ್ನು ಆರ್‌ಟಿಒಗೆ ಕಟ್ಟಿದ ಜೀವಿತಾವಧಿ ತೆರಿಗೆ ದಂಡವಾಗುತ್ತಲ್ಲ ಎಂದು ಕೊರಗುವವರಿದ್ದಾರೆ. ಅದು ಆಗಲೇ ಕೈಬಿಟ್ಟ ದುಡ್ಡು. ಇಂದಿನ ಮಾರಾಟದ ಬೆಲೆ ಎಷ್ಟು, ಮುಂದಿನ ವರ್ಷ ಎಷ್ಟಾದೀತು, ಅಷ್ಟನ್ನೇ ನೋಡಿ.