ನಲವತ್ತು ತೆಂಜಿನ್‌ಗಳ ನೋಟ್‌ಬುಕ್ ಎಲ್ಲಿದೆ?

ಪ್ರಿಯರೇ,

ಕಂದಾಯ ಇಲಾಖೆಯಲ್ಲಿದ್ದು ಬೈಲಕುಪ್ಪೆಯ ಟಿಬೆಟನ್ನರ ಫೈಲು ನೋಡಿಕೊಂಡ ನಿಮ್ಮ ದೊಡ್ಡಪ್ಪನವರ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಬೌದ್ಧರ ಬಂಧು’ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ಆಫೀಸಿನಲ್ಲಿ, ಇನ್ನೊಂದು ಸಲ ಮೆಟ್ರೊದಲ್ಲಿ ನಿಂತುಕೊಂಡು. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸೂ ಬರಲಿಲ್ಲ. ಅದಕ್ಕೆ ಕಾರಣ ಆರನೇ ಪುಟದ ಒಂದೇ ಒಂದು ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಬೈದು ಮುಗಿಸುತ್ತೇನೆ.

ಲೇಖನ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಶುರುವಾಗುತ್ತದೆ. ವಿಧಾನಸೌಧದ ಹಣೆಯ ಮೇಲಿರುವ ಆ ಸಾಲು ಬೆಂಗಳೂರಿನಲ್ಲಿ ಬಸ್ಸು ಹತ್ತಿದವರಿಗೆಲ್ಲ ಬಾಯಿಪಾಠ. ನಿವೃತ್ತ ನೌಕರರ ಮೇಲೆ ನಮಗೆ ಬರುವ ಬರಹಗಳು ಬಹುಪಾಲು ಅಲ್ಲಿಂದಲೇ ಹೊರಡುತ್ತವೆ. ಸಾಲದ್ದಕ್ಕೆ ನಿಮ್ಮದು ಬೌದ್ಧರ ವಿಷಯ. ಸೃಷ್ಟಿ ಮಾಡಿದ ದೇವರ ಗೊಡವೆಗೇ ಹೋಗದ ಧರ್ಮ ಅದು. ಮೊದಲ ಸಾಲಿನಲ್ಲೇ ದೇವರನ್ನು ಕರೆತಂದು ಕೂರಿಸಿದರೆ ಓದುವವರು ನಗುತ್ತಾರೆ, ಅಲ್ವಾ?

ಆಮೇಲೆ ಪೋಸ್ಟಿಂಗ್‌ಗಳ ಪಟ್ಟಿ. 1973ರಲ್ಲಿ ಪಿರಿಯಾಪಟ್ಟಣ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಮುಂದೆ ಶಿರಸ್ತೇದಾರ, ಬೀದರ್ ಕಡೆ ತಹಶೀಲ್ದಾರ್, ಕೊನೆಗೆ ಬೆಂಗಳೂರಿನಲ್ಲಿ ಅಲ್ಪಸಂಖ್ಯಾತರ ಕೆಲಸ, ಬೀಳ್ಕೊಡುಗೆ, ಹಣ್ಣಿನ ಬುಟ್ಟಿ. ಇದನ್ನು ಸರ್ವಿಸ್ ರಿಜಿಸ್ಟರ್ ಅನ್ನುತ್ತಾರೆ. ‘ಸರಳ, ಸಜ್ಜನ, ಪ್ರಾಮಾಣಿಕ’ ಎಂಬ ಮೂರು ಪದ ಒಟ್ಟಿಗೆ ಎಂಟು ಸಲ ಬಂದಿವೆ. ಪೆನ್ಸಿಲ್ ಹಿಡಿದು ಎಣಿಸಿದೆ. ಅವರು ಅಷ್ಟು ಒಳ್ಳೆಯವರಾಗಿದ್ದರೆ ನೀವು ಇಷ್ಟು ಸಲ ಹೇಳಬೇಕಾಗಿರಲಿಲ್ಲ.

ತಪ್ಪುಗಳು. ‘1960ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ನಿಜಲಿಂಗಪ್ಪನವರು ಟಿಬೆಟನ್ನರಿಗೆ ಬೈಲಕುಪ್ಪೆ ಕೊಟ್ಟರು’ ಎಂದಿದ್ದೀರಿ. ಆಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಮುಖ್ಯಮಂತ್ರಿ ಬಿ.ಡಿ. ಜತ್ತಿ. ನಿಜಲಿಂಗಪ್ಪನವರು 1956ರಿಂದ 58, ಮತ್ತೆ 1962ರಿಂದ 68. ಅವರ ಋಣವನ್ನು ದಲಾಯಿ ಲಾಮಾ ಎಷ್ಟೋ ಸಲ ನೆನೆದಿದ್ದಾರೆ ನಿಜ, ಆದರೆ ಇಸವಿ ಇಸವಿಯೇ. ಇನ್ನು ಬೈಲಕುಪ್ಪೆಯನ್ನು ಕೊಡಗಿಗೆ ಸೇರಿಸಿದ್ದೀರಿ. ಕುಶಾಲನಗರದಲ್ಲಿ ಇಳಿದು ಆಟೊ ಹಿಡಿಯುವ ಎಲ್ಲರೂ ಮಾಡುವ ತಪ್ಪು ಇದು. ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಅದಕ್ಕೇ ತಾನೇ ನಿಮ್ಮ ದೊಡ್ಡಪ್ಪನವರ ಟೇಬಲ್ಲಿಗೆ ಆ ಫೈಲುಗಳು ಬಂದದ್ದು? ನಿಮ್ಮ ಇಡೀ ಕಥೆ ನಿಂತಿರುವುದೇ ಆ ಗಡಿಯ ಮೇಲೆ. ಕೆಂಪು ಬಟ್ಟೆ ಹಾಕಿದ ಪ್ರತಿಯೊಬ್ಬರನ್ನೂ ‘ಲಾಮಾ’ ಎಂದಿದ್ದೀರಿ. ಲಾಮಾ ಅಂದರೆ ಗುರು. ಉಳಿದವರು ಭಿಕ್ಷುಗಳು.

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮತ್ತು ಮೊಮೊ ಬಗ್ಗೆ ಒಂದೂವರೆ ಪುಟ ಇದೆ. ತೆಗೆಯಿರಿ. ಆ ದೇವಾಲಯ ಉದ್ಘಾಟನೆ ಆದದ್ದು 1999ರಲ್ಲಿ. ದೊಡ್ಡಪ್ಪ ಅಷ್ಟೊತ್ತಿಗೆ ಆ ತಾಲ್ಲೂಕು ಬಿಟ್ಟು ವರ್ಷಗಳೇ ಆಗಿದ್ದವು.

ಈಗ ಆರನೇ ಪುಟ. ‘ಟಿಬೆಟನ್ನರಲ್ಲಿ ಒಂದೇ ಹೆಸರಿನವರು ಜಾಸ್ತಿ ಇದ್ದುದರಿಂದ ದೊಡ್ಡಪ್ಪ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ಅದರಲ್ಲಿ ನಲವತ್ತು ತೆಂಜಿನ್‌ಗಳಿದ್ದರು.’ ಇಷ್ಟು ಹೇಳಿ ನೀವು ಮುಂದಿನ ಸಾಲಿನಲ್ಲಿ ಅವರ ಸನ್ಮಾನಕ್ಕೆ ಓಡಿಬಿಟ್ಟಿರಿ! ಸ್ವಾಮಿ, ಅಲ್ಲೇ ಕೂರಬೇಕಿತ್ತು.

ನೀವು ಜೊತೆಗೆ ಕಳಿಸಿದ ಫೋಟೊದಲ್ಲಿ ಆ ನೋಟ್‌ಬುಕ್ಕಿನ ಒಂದು ಹಾಳೆ ಇದೆ. ದೊಡ್ಡದು ಮಾಡಿ ನೋಡಿದೆ. ‘ತೆಂಜಿನ್, 2ನೇ ಕ್ಯಾಂಪ್, ಎಡಗಿವಿ ಹತ್ತಿರ ಗಾಯ. ತೆಂಜಿನ್, 2ನೇ ಕ್ಯಾಂಪ್, ಹೆಂಗಸು, ಸ್ವೆಟರ್ ವ್ಯಾಪಾರ. ತೆಂಜಿನ್, ಮುದುಕ, ಕನ್ನಡ ಬರುತ್ತೆ, ಜಗಳಗಂಟ.’ ಇದಕ್ಕಿಂತ ಒಳ್ಳೆಯ ಮೂರು ಸಾಲು ನಿಮ್ಮ ಹದಿನಾಲ್ಕು ಪುಟದಲ್ಲಿಲ್ಲ. ನಮ್ಮ ಅರ್ಜಿಗಳು ಇನಿಷಿಯಲ್ ಕೇಳುತ್ತವೆ, ತಂದೆ ಹೆಸರು ಕೇಳುತ್ತವೆ, ಗಂಡೋ ಹೆಣ್ಣೋ ಹೆಸರಿನಿಂದಲೇ ಗೊತ್ತಾಗಬೇಕು ಎಂದುಕೊಂಡಿರುತ್ತವೆ. ದಲಾಯಿ ಲಾಮಾ ಹೆಸರು ತೆಂಜಿನ್ ಗ್ಯಾತ್ಸೊ. ಅವರಿಂದ ಹೆಸರಿಡಿಸಿಕೊಂಡ ಗಂಡೂ ತೆಂಜಿನ್, ಹೆಣ್ಣೂ ತೆಂಜಿನ್. ಬಹಳ ಜನಕ್ಕೆ ಮನೆತನದ ಹೆಸರೇ ಇಲ್ಲ. ಆ ಅರ್ಜಿಗಳಿಗೂ ಈ ತೆಂಜಿನ್‌ಗಳಿಗೂ ನಡುವೆ ಒಬ್ಬ ಗುಮಾಸ್ತ ಗಾಯದ ಗುರುತು ಬರೆದುಕೊಳ್ಳುತ್ತಾ ಕೂತಿದ್ದಾನೆ. ಅವನು ಸಜ್ಜನ ಅಂತ ಬೇರೆ ಹೇಳಬೇಕಾ?

ಹೆಸರಿನ ಸ್ಪೆಲ್ಲಿಂಗ್ ಆಗ ಸಣ್ಣ ವಿಷಯ. ಮುಂದೆ ಅದೇ ದೊಡ್ಡದಾಯಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪ್ರಜೆಗಳು ಎನ್ನುತ್ತದೆ ಕಾನೂನು. ಟಿಬೆಟನ್ನರಿಗೂ ಇದು ಅನ್ವಯ ಎಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿತು. ಆಗ ಹಳೇ ಕಾಗದದ ಒಂದೊಂದು ಅಕ್ಷರಕ್ಕೂ ಬೆಲೆ ಬಂತು. ದೊಡ್ಡಪ್ಪನ ನೋಟ್‌ಬುಕ್ ಹುಡುಕಿಕೊಂಡು ಯಾರಾದರೂ ನಿಮ್ಮ ಮನೆಗೆ ಬಂದರಾ? ಕೇಳಿ.

‘ದೊಡ್ಡಪ್ಪ ಆರ್‌ಸಿ ಕೊಡಿಸುತ್ತಿದ್ದರು’ ಎಂದು ಬರೆದಿದ್ದೀರಿ. ಬೆಂಗಳೂರಿನ ಓದುಗರು ಸ್ಕೂಟರ್ ಆರ್‌ಸಿ ಅಂದುಕೊಳ್ಳುತ್ತಾರೆ. ಟಿಬೆಟನ್ನರ ಆರ್‌ಸಿ ಅಂದರೆ ವಿದೇಶಿಯರ ನೋಂದಣಿ ಪತ್ರ. ಅದು ಪೊಲೀಸರ ಕೆಲಸ, ಕಂದಾಯದವರದ್ದಲ್ಲ. ದೊಡ್ಡಪ್ಪ ನೋಡಿಕೊಂಡದ್ದು ಜಮೀನು. ಅಲ್ಲೇ ನಿಮ್ಮ ಕಥೆಯ ತಿರುಳಿದೆ, ನಿಮಗೆ ಕಂಡಿಲ್ಲ.

ಲೆಕ್ಕ ಹಾಕಿ. ಅವರು ಕೆಲಸಕ್ಕೆ ಸೇರಿದ್ದು 1973. ಮಾರನೇ ವರ್ಷ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿ. ಅರಸರ ಹುಣಸೂರು ಪಕ್ಕದ ತಾಲ್ಲೂಕು. ಕಚೇರಿಯ ಒಂದು ಬಾಗಿಲಲ್ಲಿ ಗೇಣಿದಾರರು ಉಳುವ ಜಮೀನು ತಮ್ಮದಾಗಲಿ ಎಂಬ ಅರ್ಜಿ, ನಮೂನೆ 7 ಹಿಡಿದು ಸಾಲು ನಿಂತಿದ್ದಾರೆ. ಉಳುವವನೇ ಹೊಲದೊಡೆಯ. ಇನ್ನೊಂದು ಬಾಗಿಲಲ್ಲಿ ಹದಿಮೂರು ವರ್ಷದಿಂದ ಕಾಡು ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದ ಟಿಬೆಟನ್ ನಿಂತಿದ್ದಾನೆ. ಅವನೂ ಉಳುವವನೇ. ಆದರೆ ಭೂಮಿ ಗುತ್ತಿಗೆಯದು, ಅವನು ಒಡೆಯನಾಗುವಂತಿಲ್ಲ. ಎರಡೂ ಕಡೆ ಒಂದೇ ಶಾಯಿಯಲ್ಲಿ ಬರೆಯುತ್ತಿದ್ದ ಇಪ್ಪತ್ತೆರಡರ ಹುಡುಗನಿಗೆ ಏನನ್ನಿಸಿತು? ‘ಅವರಿಗೆ ಬಿಟ್ಟಿ ಜಮೀನು’ ಎಂದು ಊರವರು ಗೊಣಗಿದ್ದಕ್ಕೆ ಏನು ಉತ್ತರ ಕೊಟ್ಟರು? ಅವರೂ ಒಳಗೊಳಗೇ ಗೊಣಗಿದ್ದರೆ ಅದನ್ನೂ ಬರೆಯಿರಿ.

ಬೀದರ್ ಭಾಗ ನಾಲ್ಕೇ ಸಾಲಿದೆ. ಅಲ್ಲಿ ‘ಬೌದ್ಧ’ ಎಂಬ ಪದದ ಅರ್ಥವೇ ಬೇರೆ. ಬೈಲಕುಪ್ಪೆಯಲ್ಲಿ ಅದು ನಿರಾಶ್ರಿತನ ಧರ್ಮ. ಬೀದರಿನಲ್ಲಿ ಅಂಬೇಡ್ಕರ್ ಹಿಂದೆ ಹೊರಟವರ ಧರ್ಮ. ಬೌದ್ಧರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಸಿಕ್ಕಿದ್ದು 1990ರಲ್ಲಿ. ಅಲ್ಲಿಯವರೆಗೆ ಧರ್ಮದ ಕಾಲಂನಲ್ಲಿ ಬೌದ್ಧ ಎಂದು ಬರೆದರೆ ಮಗನ ಮೀಸಲಾತಿ ಹೋಗುತ್ತಿತ್ತು. ಕಾನೂನು ಬದಲಾದರೂ ಭಯ ಬೇಗ ಬಿಡುತ್ತದಾ? ಜಾತಿ ಪ್ರಮಾಣಪತ್ರಕ್ಕೆ ಸಹಿ ಹಾಕುವ ಜಾಗದಲ್ಲಿ ನಿಮ್ಮ ದೊಡ್ಡಪ್ಪ ಇದ್ದರು. ಒಂದೇ ಒಂದು ಅರ್ಜಿಯ ಕಥೆ ಸಿಕ್ಕರೂ ಸಾಕು.

‘ಅಶೋಕನ ಕಾಲದಿಂದಲೂ’ ಎಂಬ ಪ್ಯಾರಾ ಸುಮ್ನೆ ಅಲಂಕಾರ. ಅಶೋಕ ಬೇಕೇ ಬೇಕು ಎಂದರೆ ಸರಿಯಾಗಿ ತನ್ನಿ. ಅವನು ಧರ್ಮದ ವಿಷಯ ನೋಡಿಕೊಳ್ಳಲು ಧಮ್ಮ ಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ್ದ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಶಾಸನ ಇದೆಯಲ್ಲ, ಅದು ಸುವರ್ಣಗಿರಿ ಎಂಬ ಊರಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಹೋದ ಸರ್ಕಾರಿ ಪತ್ರ. ಆದೇಶಕ್ಕೆ ಮುಂಚೆ ‘ಆರೋಗ್ಯವೇ’ ಎಂದು ವಿಚಾರಿಸುತ್ತದೆ. ಕೊನೆಗೆ ಬರೆದ ಗುಮಾಸ್ತನ ಹೆಸರೂ ಇದೆ, ಚಪಡ. ನಿಮ್ಮ ದೊಡ್ಡಪ್ಪನ ಸರ್ವಿಸಿನಲ್ಲಿ ಆರೋಗ್ಯ ಕೇಳಿ ಶುರುವಾದ ಸುತ್ತೋಲೆ ಒಂದಾದರೂ ಬಂದಿತ್ತಾ? ಎರಡು ಸಾಲು ಸಾಕು, ಜಾಸ್ತಿ ಬೇಡ.

ಮಾಡಬೇಕಾದ್ದು ಇಷ್ಟು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಒಂದು ದಿನ ಹೋಗಿ, ವಸಾಹತಿನ ಹಳೇ ಕಾಗದ ಏನಾದರೂ ಸಿಗುತ್ತದಾ ನೋಡಿ. ಗಾಂಧಿನಗರದ ಮಹಾಬೋಧಿ ಸೊಸೈಟಿ ನಿಮಗೆ ಗೊತ್ತಿರಬೇಕು, 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ್ದು. ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು. ದೊಡ್ಡಪ್ಪ ಬೆಂಗಳೂರಿಗೆ ಬಂದ ಮೇಲೆ ಭಾನುವಾರ ಅಲ್ಲಿ ಹೋಗಿ ಕೂರುತ್ತಿದ್ದರು ಎಂದಿದ್ದೀರಿ. ನೀವೂ ಒಂದು ಭಾನುವಾರ ಕೂತು ಬನ್ನಿ. ಆಮೇಲೆ ನೋಟ್‌ಬುಕ್ಕಿನಿಂದ ಶುರು ಮಾಡಿ ಬರೆಯಿರಿ. ಹದಿನಾಲ್ಕು ಪುಟ ಆರಾದರೆ ಚಿಂತೆಯಿಲ್ಲ.

ಇನ್ನೊಂದು. ವರ್ಗವಾಗಿ ಹೊರಟ ದಿನ ‘ಬಿಳಿ ಶಾಲು ಹೊದಿಸಿದರು’ ಎಂದಿದೆ. ಅದು ಶಾಲಲ್ಲ, ಟಿಬೆಟನ್ನರು ಗೌರವಕ್ಕೆ ಕೊರಳಿಗೆ ಹಾಕುವ ಖತಕ್. ನಲವತ್ತರಲ್ಲಿ ಯಾವ ತೆಂಜಿನ್ ಹಾಕಿದ್ದು? ಆ ಜಗಳಗಂಟ ಮುದುಕನಾ? ದೊಡ್ಡಮ್ಮ ಅದನ್ನು ಈಗ ದೇವರ ಮನೆಯಲ್ಲಿ ಇಟ್ಟಿದ್ದಾರಾ, ಬೀರುವಿನಲ್ಲಾ?